ರದ್ದು ಬೇರೆ, ಅಮಾನತು ಬೇರೆ

‘ಮೂರು ತಿಂಗಳು ಡ್ರೈವಿಂಗ್ ಲೈಸೆನ್ಸ್ ರದ್ದು’ ಅಂತ ಮತ್ತೆ ಒಂದು ಕಡೆ ಓದಿದೆ. ಮೂರು ತಿಂಗಳಿಗೆ ಯಾವುದೂ ರದ್ದಾಗುವುದಿಲ್ಲ. ಅದು ಅಮಾನತು.

ಎರಡೂ ಅರಬ್ಬಿಯಿಂದ ಪಾರ್ಸಿ ಹಾದಿಯಲ್ಲಿ ನಮ್ಮ ಕಚೇರಿಗಳಿಗೆ ಬಂದ ಮಾತುಗಳು. ಅಮಾನತ್ ಅಂದರೆ ನಂಬಿ ಒಪ್ಪಿಸಿದ ವಸ್ತು, ಠೇವಣಿ. ಇಟ್ಟದ್ದು ಒಂದು ದಿನ ವಾಪಸ್ ಬರಬೇಕು. ಲೈಸೆನ್ಸ್ ಅಮಾನತಾದರೂ ಅಷ್ಟೇ: ಅವಧಿ ಮುಗಿದ ಮೇಲೆ ಅದು ನಿಮ್ಮದೇ. ‘ರದ್’ ಅಂದರೆ ತಳ್ಳಿಹಾಕುವುದು. ರದ್ದಿ ಪೇಪರ್‌ನ ‘ರದ್ದಿ’ಯೂ ಅದೇ ಬೇರಿನದು. ರದ್ದಾದ ಲೈಸೆನ್ಸ್ ಕಾಲ ಕಳೆದ ಮಾತ್ರಕ್ಕೆ ತಾನಾಗಿ ಜೀವ ಪಡೆಯುವುದಿಲ್ಲ. ಅನರ್ಹತೆ ಅನ್ನುವುದು ಮೂರನೆಯದು. ಅದು ತಟ್ಟುವುದು ವ್ಯಕ್ತಿಗೆ, ಲೈಸೆನ್ಸ್ ಹೊಂದುವ ಅವನ ಹಕ್ಕಿಗೆ.

ಈ ಗೊಂದಲದಿಂದ ಜಾಸ್ತಿ ಪೆಟ್ಟು ತಿನ್ನುವವರು ಕಾಯಿಲೆ ಇರುವವರು. ಮೋಟಾರು ವಾಹನ ಕಾಯ್ದೆ, 1988ರ 16ನೇ ಕಲಂ ನೋಡಿ. ಕಾಯಿಲೆ ಅಥವಾ ಅಂಗವೈಕಲ್ಯದಿಂದ ಒಬ್ಬರು ಗಾಡಿ ಓಡಿಸಲು ಯೋಗ್ಯರಲ್ಲ ಎಂದು ನಂಬಲು ಸರಿಯಾದ ಆಧಾರ ಇದ್ದರೆ ಲೈಸೆನ್ಸ್ ಪ್ರಾಧಿಕಾರಕ್ಕೆ ಎರಡು ದಾರಿ ಇವೆ. ಲೈಸೆನ್ಸ್ ರದ್ದು ಮಾಡಬಹುದು. ಇಲ್ಲವೇ, ಲೈಸೆನ್ಸ್ ಉಳಿಯಬೇಕಾದರೆ ಮೆಡಿಕಲ್ ಸರ್ಟಿಫಿಕೇಟ್ ತನ್ನಿ ಅನ್ನಬಹುದು. ಎರಡನೆಯ ಬಗೆಯ ಪತ್ರ ಬಂದವರೂ ‘ನನ್ನ ಲೈಸೆನ್ಸ್ ರದ್ದಾಯಿತು’ ಅಂತ ಕೈಚೆಲ್ಲಿ ಕೂರುತ್ತಾರೆ. ರದ್ದಾಗಿಲ್ಲ! ಡಾಕ್ಟರ ಹತ್ತಿರ ಹೋಗಬೇಕು, ಅಷ್ಟೇ. ಇನ್ನು ಇದು ಶಿಕ್ಷೆಯೂ ಅಲ್ಲ. ಮೂರ್ಛೆ ಬರುವವರನ್ನು ಕುಡಿದು ಓಡಿಸಿದವರ ಸಾಲಿನಲ್ಲಿ ನಿಲ್ಲಿಸಿ ಮಾತಾಡುವುದು ಅನ್ಯಾಯ.

ನಿಜವಾಗಿ ರದ್ದಾದರೆ? 17ನೇ ಕಲಂ ಪ್ರಕಾರ ಕಾರಣ ಬರೆದ ಆದೇಶವನ್ನು ನಿಮಗೆ ತಲುಪಿಸಲೇಬೇಕು. ಅದು ನಿಮಗೆ ತಲುಪಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಲೆಕ್ಕ ಶುರುವಾಗುವುದು ಆದೇಶ ಕೈಗೆ ಸಿಕ್ಕ ದಿನದಿಂದ, ಸಹಿ ಬಿದ್ದ ದಿನದಿಂದಲ್ಲ. ಹಾಗಾಗಿ ಅಂಚೆಯ ಮುದ್ರೆ ಇರುವ ಲಕೋಟೆಯನ್ನು ಬಿಸಾಡಬೇಡಿ.

‘ಮೇಲ್ಮನವಿ’ಯಲ್ಲಿ ‘ಮನವಿ’ ಇದೆ ಅಂತ ದಯೆ ತೋರಿ ಎಂದು ಬೇಡಿಕೊಳ್ಳುವವರೇ ಜಾಸ್ತಿ. ‘20 ವರ್ಷದಿಂದ ಒಂದು ಅಪಘಾತವನ್ನೂ ಮಾಡಿಲ್ಲ, ಮನೆ ನಡೆಯುವುದೇ ಇದರಿಂದ’ ಅಂತ ನಾಲ್ಕು ಪುಟ ಬರೆಯುತ್ತಾರೆ. ಕಷ್ಟ ನಿಜವೇ. ಆದರೆ ಆದೇಶದಲ್ಲಿರುವ ಕಾರಣ ‘ದೃಷ್ಟಿ ಸಾಲದು’ ಅಂತಾದರೆ ಅದಕ್ಕೆ ಇದು ಉತ್ತರ ಅಲ್ಲ, ಅಲ್ವಾ? ಲೈಸೆನ್ಸ್ ಅರ್ಜಿಯ ಫಾರಂ 1ರಲ್ಲೇ ಕೇಳುವ ಪ್ರಶ್ನೆ ಇದು: ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ? ಓದಬಲ್ಲಿರಿ ಅಂತ ಕಣ್ಣಿನ ತಜ್ಞರು ಅಳತೆ ಸಮೇತ ಬರೆದುಕೊಟ್ಟ ಒಂದು ಹಾಳೆ ಆ ನಾಲ್ಕು ಪುಟಕ್ಕಿಂತ ಹೆಚ್ಚು ತೂಗುತ್ತದೆ.

ಮೇಲ್ಮನವಿ ಪ್ರಾಧಿಕಾರ ಎರಡೂ ಕಡೆಯವರ ಮಾತು ಕೇಳಬೇಕು. ಅದರ ತೀರ್ಮಾನಕ್ಕೆ ಆದೇಶ ಹೊರಡಿಸಿದವರು ಬದ್ಧರು. ಆದೇಶದಲ್ಲಿ ಕಾರಣವನ್ನೇ ಬರೆದಿಲ್ಲವಾದರೆ, ನಿಮ್ಮ ಮೇಲ್ಮನವಿಯ ಮೊದಲ ಸಾಲು ಅದೇ ಆಗಿರಲಿ.