ಚಂದ್ರನನ್ನು ತಟ್ಟಿ ನೋಡಿದ ಕಥೆ

ಹಾಸನದ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಮ್ಮ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳು. ‘ಟಣ್’ ಎಂದರೆ ಚೆನ್ನಾಗಿ ಬೆಂದ ಮಡಕೆ, ‘ದಬ್’ ಎಂದರೆ ಎಲ್ಲೋ ಬಿರುಕು. ಗ್ರಹಗಳ ಒಡಲನ್ನು ವಿಜ್ಞಾನಿಗಳು ಅರಿಯುವುದೂ ಹೀಗೆಯೇ.

ನಮ್ಮ ಗೊರೂರಿನ ಬಂಡೆಗಳಿಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅವುಗಳ ಕೆಳಗೆ ಭೂಮಿಯ ನಡುವಿನವರೆಗೆ 6,371 ಕಿ.ಮೀ. ಆಳವಿದೆ. ಮನುಷ್ಯ ಕೊರೆದದ್ದು ರಷ್ಯಾದ ಕೋಲಾದಲ್ಲಿ 12 ಕಿ.ಮೀ. ಚಿಲ್ಲರೆ, ಅಷ್ಟೇ. ಉಳಿದದ್ದನ್ನೆಲ್ಲ ಹೇಳಿದ್ದು ಭೂಕಂಪದ ಅಲೆಗಳು. 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಅವುಗಳ ದಾರಿಯನ್ನು ಲೆಕ್ಕಹಾಕಿಯೇ ಭೂಮಿಯ ತಿರುಳಿನೊಳಗೆ ಇನ್ನೊಂದು ತಿರುಳಿದೆ ಎಂದು ತೋರಿಸಿದರು.

1969ರ ಜುಲೈನಲ್ಲಿ ಅಪೊಲೊ 11 ಚಂದ್ರನ ಮೇಲೆ ಕಂಪನಮಾಪಕ ಇಟ್ಟಿತು. ಬಿಸಿಲನ್ನೇ ನಂಬಿದ್ದ ಅದು ಕೆಲವೇ ವಾರ ಬಾಳಿತು. ನವೆಂಬರಿನಲ್ಲಿ ಅಪೊಲೊ 12 ಒಯ್ದ ಉಪಕರಣಕ್ಕೆ ಪ್ಲುಟೋನಿಯಂ ಶಾಖದಿಂದ ವಿದ್ಯುತ್ ಸಿಗುತ್ತಿತ್ತು. ಗಗನಯಾತ್ರಿಗಳು ಮೇಲೇರಿದ ನೌಕೆಯ ಭಾಗವನ್ನು ಬೇಕೆಂದೇ ಚಂದ್ರನ ಮೇಲೆ ಬೀಳಿಸಲಾಯಿತು. ಆ ಒಂದು ಪೆಟ್ಟಿಗೆ ಚಂದ್ರ ಸುಮಾರು ಒಂದು ಗಂಟೆ ಕಂಪಿಸಿತು! ಭೂಮಿಯಲ್ಲಾದರೆ ಅಷ್ಟು ಪೆಟ್ಟಿನ ಅದುರು ನಿಮಿಷಗಳಲ್ಲಿ ಅಡಗುತ್ತದೆ. ಹಸಿ ಮಡಕೆಗೂ ಸುಟ್ಟ ಮಡಕೆಗೂ ಇರುವ ವ್ಯತ್ಯಾಸ ಇದು: ಚಂದ್ರನ ತೊಗಟೆಯಲ್ಲಿ ಕಂಪನವನ್ನು ಹೀರುವ ತೇವವಿಲ್ಲ. ಮೇಲಾಗಿ ಅದು ಬಿರುಕುಬಿಟ್ಟ ಕಲ್ಲು, ಅಲೆ ಒಳಗೊಳಗೇ ಚದುರಿ ಸುತ್ತುತ್ತಲೇ ಇರುತ್ತದೆ.

12, 14, 15, 16ನೇ ಅಪೊಲೊಗಳ ನಾಲ್ಕು ಮಾಪಕಗಳು ಒಟ್ಟಾಗಿ ಸಾವಿರಾರು ಚಂದ್ರಕಂಪಗಳನ್ನು ದಾಖಲಿಸಿದವು. ಹಣ ಉಳಿಸಲೆಂದು 1977ರ ಸೆಪ್ಟೆಂಬರ್ 30ರಂದು ಅವನ್ನು ಆರಿಸಿಬಿಟ್ಟರು. ಕೆಲಸ ಮಾಡುತ್ತಿದ್ದ ಉಪಕರಣಗಳ ಬಾಯಿ ಕಟ್ಟಿದ್ದು ನನಗೆ ಇಂದಿಗೂ ಸಂಕಟದ ವಿಷಯ. ಅದೇ ಹಳೆಯ ದಾಖಲೆಗಳನ್ನು ಮತ್ತೆ ಜಾಲಾಡಿದಾಗ, 2011ರಲ್ಲಿ, ಚಂದ್ರನಿಗೂ ಗಟ್ಟಿ ಒಳತಿರುಳಿದೆ, ಅದರ ಸುತ್ತ ದ್ರವವಿದೆ ಎಂಬ ಸುಳಿವು ಸಿಕ್ಕಿತು.

ಮಂಗಳನ ಮೇಲೆ 1976ರಲ್ಲಿ ವೈಕಿಂಗ್ ನೌಕೆಯ ಮಾಪಕ ನೌಕೆಯ ಮೈಮೇಲೇ ಕೂತಿದ್ದರಿಂದ ಕೇಳಿಸಿದ್ದೆಲ್ಲ ಗಾಳಿಯ ಸದ್ದು. 2018ರಲ್ಲಿ ಇಳಿದ ಇನ್‌ಸೈಟ್ ತನ್ನ ತೋಳಿನಿಂದ ಮಾಪಕವನ್ನು ನೆಲಕ್ಕಿಟ್ಟು ಮುಚ್ಚಳ ಹಾಕಿತು. ನಾಲ್ಕು ವರ್ಷಗಳಲ್ಲಿ 1,300ಕ್ಕೂ ಹೆಚ್ಚು ಮಂಗಳಕಂಪಗಳು ದಾಖಲಾದವು.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ವಿಕ್ರಮನಲ್ಲಿ ನಮ್ಮದೇ ಕಂಪನಮಾಪಕ ‘ಇಲ್ಸಾ’ ಇತ್ತು. ಪ್ರಗ್ಯಾನ್ ರೋವರ್ ಉರುಳಿದ್ದನ್ನೂ ಅದು ಕೇಳಿಸಿಕೊಂಡಿತು. 26ರಂದು ಕೇಳಿಸಿದ ಒಂದು ಅದುರು ಸಹಜವಾದದ್ದೇ ಇರಬೇಕೆಂದು ಇಸ್ರೋ ತಿಳಿಸಿತು. ಆದರೆ ಅದೂ ಬಿಸಿಲನ್ನೇ ನಂಬಿದ್ದ ಉಪಕರಣ. ಭೂಮಿಯ ಲೆಕ್ಕದಲ್ಲಿ 14 ದಿನಗಳ ರಾತ್ರಿ ಕವಿಯುವ ಹೊತ್ತಿಗೆ ಅದರ ಕೆಲಸ ಮುಗಿದಿತ್ತು. ರಾತ್ರಿ ಕಳೆಯುವಷ್ಟು ಶಾಖ, ದೂರದೂರದಲ್ಲಿ ಇನ್ನೆರಡು ಜೊತೆಗಾರ ಮಾಪಕಗಳು: ಮುಂದಿನ ಸಲ ಇಲ್ಸಾಗೆ ಇಷ್ಟನ್ನು ಕೊಡಬೇಕು. ಅದುರು ಎಲ್ಲಿಂದ ಬಂತೆಂದು ಆಗ ಗುರುತು ಹಿಡಿಯಬಹುದು.