ಅಪ್ಪುಗೆ ನಮ್ಮ ಪರಿಚಯ ಇರಲಿಲ್ಲ

2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಕಂಠೀರವ ಕ್ರೀಡಾಂಗಣದ ಮುಂದೆ ಸಾಲು ನಿಂತ ಲಕ್ಷಾಂತರ ಜನರಲ್ಲಿ ಹೆಚ್ಚಿನವರು ಅವರೊಡನೆ ಒಂದು ಮಾತೂ ಆಡಿದವರಲ್ಲ. ಆದರೂ ಮನೆಮಗನೇ ಹೋದ ಹಾಗೆ ಅತ್ತರು.

ಹುಚ್ಚು ಅಭಿಮಾನ ಅಂತ ನಕ್ಕುಬಿಡುವುದು ಸುಲಭ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ನಗಲಿಲ್ಲ. ಟಿವಿ ಮನೆಮನೆಗೆ ಬರುತ್ತಿದ್ದ ಕಾಲ ಅದು. ಕ್ಯಾಮೆರಾ ನೋಡಿ ಮಾತಾಡುವ ನಿರೂಪಕ ತಮ್ಮ ಜೊತೆಗೇ ಮಾತಾಡುತ್ತಿದ್ದಾನೆ ಅಂತ ನೋಡುವವರಿಗೆ ಅನ್ನಿಸುತ್ತದೆ ಎಂದು 1956ರಲ್ಲಿ ಬರೆದರು. ಅವರು ಕೊಟ್ಟ ಹೆಸರು ಪ್ಯಾರಾಸೋಷಿಯಲ್. ನಾವು ಒಮ್ಮುಖ ನಂಟು ಅನ್ನೋಣ. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ.

ಒಂದೇ ಮುಖ, ಒಂದೇ ದನಿ ವರ್ಷಗಟ್ಟಲೆ ಎದುರಾದರೆ ಸಲಿಗೆ ತಾನಾಗಿ ಬೆಳೆಯುತ್ತದೆ. ನಡುವೆ ಪರದೆ ಇದೆ ಅಂತ ಬುದ್ಧಿಗೆ ಗೊತ್ತು, ಮನಸ್ಸು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅಪ್ಪುವನ್ನಂತೂ ಜನ ಕೂಸಾಗಿದ್ದಾಗಿನಿಂದ ತೆರೆಯ ಮೇಲೆ ಕಂಡಿದ್ದರು. ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಗೆದ್ದ ಹುಡುಗ ಆಮೇಲೆ ನಾಯಕನಾದ. 2012ರಲ್ಲಿ ಟಿವಿಯಲ್ಲಿ ಕೋಟ್ಯಧಿಪತಿ ನಡೆಸಿಕೊಡುತ್ತಾ ನಮ್ಮ ಊಟದ ಹೊತ್ತಿಗೆ ಮನೆಯೊಳಗೇ ಬಂದ.

ಆದರೆ ನಂಟು ಇದ್ದದ್ದೇ ಪರದೆಯಲ್ಲಿ ಅಂದಮೇಲೆ ಸಾವಿನಿಂದ ಏನೂ ಕಡಿಮೆಯಾಗಬಾರದಿತ್ತು, ಅಲ್ವಾ? ಹಳೆಯ ಸಿನಿಮಾಗಳು ಹಾಗೇ ಇವೆ. ನನಗೆ ಅನ್ನಿಸುವುದು, ಹೋದದ್ದು ‘ಮುಂದಿನದು’. ಮುಂದಿನ ಸಿನಿಮಾ, ಮುಂದಿನ ನಗು. ಜೊತೆಗೆ, ಆ ಹಳೆಯ ಸಿನಿಮಾ ನೋಡಿದ ವಯಸ್ಸಿನ ನಾವೂ ಒಂದಿಷ್ಟು.

ಮನೆಯವರು ಸತ್ತರೆ ಸೂತಕ ಉಂಟು, ತಿಥಿ ಉಂಟು, ರಜೆಯೂ ಸಿಗುತ್ತದೆ. ನಟನಿಗೆ ಅತ್ತರೆ “ಅವರೇನು ನಿನ್ನ ನೆಂಟರಾ?” ಅನ್ನುತ್ತಾರೆ. ಸುತ್ತಲಿನವರು ಒಪ್ಪದ ಇಂಥ ಸಂಕಟಕ್ಕೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1980ರ ದಶಕದಲ್ಲೇ ಒಂದು ಹೆಸರು ಕೊಟ್ಟರು. ಹಕ್ಕಿಲ್ಲದ ದುಃಖ ಅಂತ ಅದನ್ನು ಕನ್ನಡದಲ್ಲಿ ಹೇಳಬಹುದು. ಕರ್ನಾಟಕದಲ್ಲಿ ಮಾತ್ರ ಅಭಿಮಾನಿಗಳು ಯಾರನ್ನೂ ಕೇಳದೆ ಆ ಹಕ್ಕನ್ನು ತಾವೇ ತಗೊಂಡರು. ತಲೆ ಬೋಳಿಸಿಕೊಂಡರು, ಊರೂರಲ್ಲಿ ಅನ್ನದಾನ ಮಾಡಿದರು.

ಹೆದರಿಕೆಯೂ ಇತ್ತು. ಇಷ್ಟು ಗಟ್ಟಿಮುಟ್ಟಾದವರಿಗೇ ಹೀಗಾಯಿತಲ್ಲ ಅಂತ ಹೃದಯ ತಪಾಸಣೆಗೆ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಸಾಲು ಹತ್ತಿತು.

ಅಪ್ಪುವಿನ ಎರಡು ಕಣ್ಣು ನಾಲ್ಕು ಜನಕ್ಕೆ ಸಿಕ್ಕವು. ಕಣ್ಣುಗುಡ್ಡೆಯ ಮುಂದಿರುವ ಪಾರದರ್ಶಕ ಕಾರ್ನಿಯಾವನ್ನು ವೈದ್ಯರು ಪದರ ಬಿಡಿಸಿದರು. ಮುಂಪದರ ಇಬ್ಬರಿಗೆ, ಒಳಪದರ ಇನ್ನಿಬ್ಬರಿಗೆ. ಮುಂದಿನ ವಾರಗಳಲ್ಲಿ ಕಣ್ಣುದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು.