ಜಾಲಕದ ಮೇಲೆ ಪ್ರೋಟಾನ್: ನಾವು ಎಡವಿದ ಜಾಗ

ಪ್ರೋಟಾನಿನ ಒಳಗನ್ನು ಗಣಕದಲ್ಲಿ ಲೆಕ್ಕಹಾಕುವ ಬಗೆಯ ಅಧ್ಯಾಯವನ್ನು ಭಾನುವಾರ ಮುಂಬೈಯ ಮಾಟುಂಗದಲ್ಲಿ ನಮ್ಮ ಗುಂಪು ಓದಲು ಕುಳಿತಾಗ ಎಲ್ಲರೂ ಒಂದೇ ಕಡೆ ಎಡವಿದೆವು. ಈ ಟಿಪ್ಪಣಿ ಆ ಜಾಗಕ್ಕೆ ಮಾತ್ರ.

ಮೊದಲು ಹಿನ್ನೆಲೆ. ಪ್ರೋಟಾನಿನೊಳಗಿನ ಕಣಗಳು ಕ್ವಾರ್ಕ್‌ಗಳು, ಅವನ್ನು ಅಂಟಿಸಿ ಹಿಡಿಯುವವು ಗ್ಲುವಾನ್‌ಗಳು. 1974ರಲ್ಲಿ ಭೌತವಿಜ್ಞಾನಿ ಕೆನೆತ್ ವಿಲ್ಸನ್ ದೇಶಕಾಲವನ್ನೇ ಜಾಲಕವಾಗಿ, ಅಂದರೆ ಬಿಡಿ ಬಿಂದುಗಳ ಬಲೆಯಾಗಿ, ಕತ್ತರಿಸಿದರು. ಬಿಂದುಗಳ ಮೇಲೆ ಕ್ವಾರ್ಕ್. ಬಿಂದುಗಳನ್ನು ಜೋಡಿಸುವ ಕೊಂಡಿಗಳ ಮೇಲೆ ಗ್ಲುವಾನ್, ಪ್ರತಿ ಕೊಂಡಿಗೂ ಒಂದು 3×3 ಮಾತೃಕೆ (ಸಂಖ್ಯೆಗಳ ಚೌಕ). ದೇಶದ ಮೂರು ದಿಕ್ಕಿಗೆ 64, ಕಾಲಕ್ಕೆ 128 ಎಂದರೂ ಬಿಂದುಗಳು ಮೂರು ಕೋಟಿ ದಾಟುತ್ತವೆ. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಜಾಲಕದ ಲೆಕ್ಕ ನಡೆಯುತ್ತದೆ.

ನಮಗೆ ಬೇಕಾದದ್ದು, ಪ್ರೋಟಾನಿನ ಸಂವೇಗದಲ್ಲಿ ಒಂದು ಕ್ವಾರ್ಕಿನ ಪಾಲು ಎಷ್ಟು ಎಂಬುದರ ಹಂಚಿಕೆ. ಅದರ ವ್ಯಾಖ್ಯೆಯಲ್ಲಿ ಬರುವ ಎರಡು ಬಿಂದುಗಳು ಬೆಳಕು ಸಾಗುವ ದಾರಿಯಲ್ಲಿರುತ್ತವೆ: ಕಾಲದಲ್ಲಿ 3 ಹೆಜ್ಜೆ, ದೂರದಲ್ಲಿಯೂ 3; ದೇಶಕಾಲದ ಅಂತರಕ್ಕೆ ಒಂದರ ವರ್ಗದಿಂದ ಇನ್ನೊಂದರ ವರ್ಗ ಕಳೆಯಬೇಕು, ಆದ್ದರಿಂದ 9 − 9 = 0. ಆದರೆ ಗಣಕದಲ್ಲಿ ಜಾಲಕದ ಸ್ಥಿತಿಗಳ ಮಾದರಿಗಳನ್ನು ಯಾದೃಚ್ಛಿಕವಾಗಿ ಹೆಕ್ಕುವ ಸಲುವಾಗಿ ಕಾಲವನ್ನು ಕಾಲ್ಪನಿಕ ಸಂಖ್ಯೆಯಾಗಿ ತಿರುಗಿಸಿರುತ್ತೇವೆ. ಆಗ ಕಳೆಯುವ ಚಿಹ್ನೆ ಕೂಡುವ ಚಿಹ್ನೆಯಾಗುತ್ತದೆ: 9 + 9 = 18. ಸೊನ್ನೆ ಬರಬೇಕೆಂದರೆ ಎರಡೂ ಸೊನ್ನೆಯಾಗಬೇಕು. ಬೆಳಕಿನ ದಾರಿಯೇ ಮುದುಡಿ ಒಂದು ಚುಕ್ಕೆಯಾಯಿತು! ಗಣಕ ಎಷ್ಟೇ ದೊಡ್ಡದಿದ್ದರೂ ಇದಕ್ಕೆ ಮದ್ದಿಲ್ಲ.

ಹಳೆಯ ಉಪಾಯವೆಂದರೆ ಹಂಚಿಕೆಯ ಬದಲು ಅದರ ಸರಾಸರಿಗಳನ್ನು ಲೆಕ್ಕಹಾಕುವುದು. ಮೊದಲ ಎರಡು ಮೂರು ಸಿಗುತ್ತವೆ, ಮುಂದೆ ಕೈಕೊಡುತ್ತವೆ. 2013ರಲ್ಲಿ ಭೌತವಿಜ್ಞಾನಿ ಷಿಯಾಂಗ್‌ಡಾಂಗ್ ಜಿ ಬೇರೆ ದಾರಿ ತೋರಿಸಿದರು. ಎರಡೂ ಬಿಂದುಗಳನ್ನು ಒಂದೇ ಗಳಿಗೆಯಲ್ಲಿ, ದೂರದಲ್ಲಷ್ಟೇ ಬೇರೆಯಾಗಿ ಇಡಿ. ಪ್ರೋಟಾನನ್ನು ಜೋರಾಗಿ ಓಡಿಸಿ. ಉಳಿಯುವ ವ್ಯತ್ಯಾಸವನ್ನು ಕಾಗದದ ಮೇಲಿನ ಲೆಕ್ಕದಿಂದ ತಿದ್ದಿ. ನನಗೆ ಇದು ಇಡೀ ಅಧ್ಯಾಯದ ಅತಿ ಜಾಣ ಹೆಜ್ಜೆ ಎನಿಸುತ್ತದೆ. ಮಾಟುಂಗದಲ್ಲಿ ನಿಲ್ಲದೆ ಹೋಗುವ ಫಾಸ್ಟ್ ಲೋಕಲ್‌ನ ಫೋಟೊ ತೆಗೆದರೆ, ವೇಗ ಹೆಚ್ಚಿದಷ್ಟೂ ಚಿತ್ರ ಮಸುಕು. ಇಲ್ಲಿ ತದ್ವಿರುದ್ಧ, ವೇಗ ಹೆಚ್ಚಿದಷ್ಟೂ ಚಿತ್ರ ನಿಜಕ್ಕೆ ಹತ್ತಿರ.

"ಹಾಗಾದರೆ ಇನ್ನೂ ಜೋರಾಗಿ ಓಡಿಸಬಾರದೇಕೆ?" ಎಂದು ಗುಂಪಿನ ಕಿರಿಯಳು ಕೇಳಿದಳು. ಎರಡು ಅಡ್ಡಿಗಳಿವೆ. ಸಂವೇಗ ಏರಿದಂತೆ ಅಲೆಯುದ್ದ ಕುಗ್ಗಿ ಜಾಲಕದ ಕಣ್ಣಿನಷ್ಟೇ ಆಗಿಬಿಡುತ್ತದೆ. ಅದಕ್ಕೂ ಮೊದಲೇ ಸಂಕೇತ ಗದ್ದಲದಲ್ಲಿ ಮುಳುಗುತ್ತದೆ. ಗದ್ದಲವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಮಾದರಿ ಬೇಕು. 3 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಸಂವೇಗ ಎಂದುಕೊಳ್ಳಿ. ಪ್ರೋಟಾನಿನ ವೇಗ ಬೆಳಕಿನ ವೇಗದ ಶೇಕಡಾ 95ರಷ್ಟಾಯಿತು. ಆದರೆ ಆ ಸಂವೇಗದಲ್ಲಿ ಹತ್ತನೇ ಒಂದು ಪಾಲು ಹೊತ್ತ ಕ್ವಾರ್ಕಿನ ಸಂವೇಗ ಬರೀ 0.3 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಅಷ್ಟು ಕೆಳಗೆ ಕಾಗದದ ಮೇಲಿನ ತಿದ್ದುಪಡಿಯನ್ನು ನಂಬುವಂತಿಲ್ಲ. ಅಲ್ಲಿ ಹಂಚಿಕೆಯ ನಕ್ಷೆಯ ರೇಖೆ ಎಷ್ಟೇ ನುಣುಪಾಗಿ ಕಂಡರೂ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.